ಹಗ್ಗದವರ ಮುಖ

ನಮ್ಮ ಊರಿಗೆ ನೆಲವಿಲ್ಲ, ಹಗ್ಗವಿದೆ. ಈ ತುದಿಯಿಂದ ಆ ತುದಿಗೆ, ಮೇಲಿನಿಂದ ಕೆಳಕ್ಕೆ, ಅಡ್ಡಡ್ಡಲಾಗಿ, ಎಲ್ಲಿ ನೋಡಿದರೂ ಹಗ್ಗ. ಹಗ್ಗ ಹಗ್ಗ ಸೇರುವ ಕಡೆಯೆಲ್ಲ ಒಂದು ಗಂಟು. ಪ್ರತಿ ಗಂಟಿನಲ್ಲೂ ನಮ್ಮವರೊಬ್ಬರು ಕೈ ಚಾಚಿ ನಿಂತಿರುತ್ತಾರೆ. ನಾವು ಹಗ್ಗದವರು. ಹೊಸೆದವರೂ ನಾವೇ, ಹಿಡಿದವರೂ ನಾವೇ. ನಾವು ಕೈ ಬಿಟ್ಟರೆ ಊರೇ ಇಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಹೇಳುವವರು ಬೇರೆ ಯಾರೂ ಇಲ್ಲವಲ್ಲ, ಅದಕ್ಕೆ ನಾನೇ ಹೇಳಬೇಕಾಗಿದೆ.

ಊರಿನ ಆಕಾರ ಅವರೆಕಾಳಿನದು. ನಾಡಿನ ಸಣ್ಣ ಸಣ್ಣ ತೊರೆಗಳೆಲ್ಲ ಒಂದು ಕಡೆಯಿಂದ ಒಳಗೆ ಬರುತ್ತವೆ, ನಮ್ಮ ಟೊಳ್ಳು ಹಗ್ಗಗಳ ಒಳಗೂ ಹೊರಗೂ ಹರಿಯುತ್ತವೆ, ಇನ್ನೊಂದು ಕಡೆಯ ಬಾಗಿಲಿನಿಂದ ಹೊರಗೆ ಹೋಗುತ್ತವೆ. ನಾಡು ಬಹಳ ದೊಡ್ಡದು. ಅದು ಬೆಚ್ಚಗಿದೆ, ಅದು ಉಸಿರಾಡುತ್ತದೆ, ನಮ್ಮ ಊರು ಇದೆ ಎಂಬುದೇ ಅದಕ್ಕೆ ಗೊತ್ತಿಲ್ಲ. ಇಲ್ಲಿ ಹಗಲು ರಾತ್ರಿ ಎಂಬುದಿಲ್ಲ. ದೂರದಲ್ಲೆಲ್ಲೋ ಒಂದು ಡೋಲು ಬಡಿಯುತ್ತಲೇ ಇರುತ್ತದೆ. ಅದು ನಿಂತದ್ದನ್ನು ಕೇಳಿದವರು ಯಾರೂ ಇಲ್ಲ.

ಹಗ್ಗದ ಮೇಲೆ ನಡೆದಾಡುವವರು ಕಾವಲಿನವರು. ಹೊಗಳಿಕೆಯೆಲ್ಲ ಅವರಿಗೇ. ಶತ್ರು ಬಂದ, ಕಾವಲಿನವರು ಕೊಂದರು, ನಾಡು ಉಳಿಯಿತು, ಹೀಗೇ ಕಥೆ ಕಟ್ಟುತ್ತಾರೆ. ಕಾವಲಿನವನು ಎಲ್ಲಿ ಕಾಲಿಡಬೇಕೆಂದು ತಿಳಿಯುವುದು ನಾವು ಹಗ್ಗಕ್ಕೆ ಸವರುವ ಕಂಪಿನಿಂದ. ಅವನು ತಿನ್ನುವುದು ನಮ್ಮ ಅಂಗೈಯಿಂದ ಒಸರುವ ಗಂಜಿಯನ್ನು. ನಮಗೆ ಹಗ್ಗಕ್ಕೊಂದರಂತೆ ಬೇಕಾದಷ್ಟು ಕೈಗಳಿವೆ. ಒಂದನ್ನು ಮಾತ್ರ ಖಾಲಿ ಇಟ್ಟುಕೊಂಡಿರುತ್ತೇವೆ. ಅದು ಉಣಿಸುವ ಕೈ. ಕಾವಲಿನವನು ಬರುತ್ತಾನೆ, ಬಾಗುತ್ತಾನೆ, ಅಂಗೈ ನೆಕ್ಕುತ್ತಾನೆ, ತಲೆಯೆತ್ತಿ ನೋಡದೆ ಮುಂದಿನ ಗಂಟಿಗೆ ಹೋಗುತ್ತಾನೆ. ಬೇರೆ ಯಾವ ಊಟವೂ ಅವನಿಗೆ ಹಿಡಿಸುವುದಿಲ್ಲ.

ಕಾವಲಿನವರ ಬಲಗೈ ಅವರ ಮಾತು ಕೇಳುವುದಿಲ್ಲ. ಅದು ಹುಟ್ಟಿನಿಂದ ಬಂದದ್ದು. ಲೋಕದಲ್ಲಿ ಯಾವುದೋ ಒಂದು ಮುಖವನ್ನು ಕಂಡರೆ ಮಾತ್ರ ಆ ಕೈ ಏಳುತ್ತದೆ, ಎದ್ದರೆ ಕೊಲ್ಲುತ್ತದೆ. ಅದು ಯಾವ ಮುಖ ಎಂದು ಅವರಿಗೂ ಗೊತ್ತಿರುವುದಿಲ್ಲ. ಎಷ್ಟೋ ಜನ ಆ ಮುಖ ಕಾಣದೆಯೇ ಹಗ್ಗದ ಮೇಲೆ ಓಡಾಡಿಕೊಂಡು ಮುದುಕರಾಗುತ್ತಾರೆ. ಆದ್ದರಿಂದಲೇ ನಮ್ಮ ಊರಿನಲ್ಲಿ ಒಂದು ಕಟ್ಟಳೆ ಇದೆ. ಹೊಸದಾಗಿ ಬಂದ ಪ್ರತಿಯೊಬ್ಬ ಕಾವಲಿನವನಿಗೂ ನಾವು ಮುಖ ತೋರಿಸಬೇಕು, ಅವನ ಕೈ ನಾಡಿನವರ ಮೇಲೇ ಏಳುವುದೋ ಎಂದು ನೋಡಬೇಕು.

ನಾವು ಸದಾ ನಾರಿನ ಮುಸುಕು ಹಾಕಿಕೊಂಡಿರುತ್ತೇವೆ. ಅದರ ಒಳಗಿನ ಮುಖ ಹಸಿ ಮಣ್ಣಿನ ಹಾಗೆ ಮೆತ್ತಗಿರುತ್ತದೆ. ಮುಖ ತೋರಿಸುವಾಗ ಮುಸುಕು ಸರಿಸಿ ನಾಡಿನ ಒಬ್ಬೊಬ್ಬರ ಮುಖವನ್ನು ತಾಳುತ್ತೇವೆ. ಕಹಿ ಕಾಯಿಸುವವರ ಮುಖ, ಉಪ್ಪು ಸೋಸುವವರ ಮುಖ, ಬೆಳಕು ಹಿಡಿಯುವವರ ಮುಖ, ಡೋಲು ಬಡಿಯುವವರ ಮುಖ. ಅವರು ಯಾರನ್ನೂ ನಾವು ಕಂಡವರಲ್ಲ. ಕಾಣದ ಊರಿನ ಕಾಣದ ಜನರ ಮುಖಗಳು ನಮ್ಮೊಳಗೆ ಹೇಗೆ ಬಂದವೋ, ಕೇಳಬಾರದು, ಕೇಳಿದರೂ ಹೇಳುವವರಿಲ್ಲ. ಎಲ್ಲರ ಮುಖ ಮುಗಿದ ಮೇಲೆ, ಕಟ್ಟಕಡೆಗೆ, ಯಾವ ಮುಖವನ್ನೂ ತಾಳದೆ ನಮ್ಮ ಮುಖವನ್ನೇ ತೋರಿಸುತ್ತೇವೆ. ಆಗ ಅಕ್ಕಪಕ್ಕದ ಗಂಟಿನವರು ಬೇರೆ ಕಡೆ ನೋಡಬೇಕು. ಹೀಗಾಗಿ ಹಗ್ಗದವರ ಮುಖವನ್ನು ಹಗ್ಗದವರು ಯಾರೂ ನೋಡಿಲ್ಲ.

ಯಾವ ಮುಖಕ್ಕಾದರೂ ಕಾವಲಿನವನ ಕೈ ಎದ್ದಿತೋ, ನಾವು ಥಟ್ಟನೆ ಮುಸುಕು ಎಳೆದುಕೊಳ್ಳುತ್ತೇವೆ, ಅವನು ನಿಂತ ಹಗ್ಗ ನಡುಗುತ್ತದೆ. ಆ ನಡುಕ ಗಂಟಿನಿಂದ ಗಂಟಿಗೆ ಹರಿದು ಊರಿಗೆಲ್ಲ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ನಾವು ಅವನನ್ನು ಕಂಡರೆ ಅಂಗೈ ಮುಚ್ಚುತ್ತೇವೆ. ಅವನು ಈ ಗಂಟಿಗೆ ಬರುತ್ತಾನೆ, ಅಂಗೈ ಮುಚ್ಚಿದೆ. ಆ ಗಂಟಿಗೆ ಹೋಗುತ್ತಾನೆ, ಅಲ್ಲಿಯೂ ಮುಚ್ಚಿದೆ. ಸವೆಯುತ್ತಾನೆ, ಹಗುರಾಗುತ್ತಾನೆ, ಒಂದು ಕಡೆ ಕೂರುತ್ತಾನೆ, ತೊರೆ ಅವನನ್ನು ಒಯ್ಯುತ್ತದೆ. ನಾವು ಯಾರನ್ನೂ ಹೊಡೆದವರಲ್ಲ. ಅಂಗೈ ಮುಚ್ಚುತ್ತೇವೆ, ಅಷ್ಟೇ.

ನನ್ನ ಪಕ್ಕದ ಗಂಟು ಹೊರಬಾಗಿಲಿಗೆ ಹತ್ತಿರದ್ದು. ಅಲ್ಲಿ ನಿಂತವಳನ್ನು ಬಾಗಿಲ ಗಂಟಿನವಳು ಎನ್ನುತ್ತಿದ್ದೆವು. ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ಮಾತು ಕಡಿಮೆ, ಹಿಡಿತ ಗಟ್ಟಿ. ಅವಳ ಹಗ್ಗ ಒಮ್ಮೆಯೂ ಜೋತುಬಿದ್ದದ್ದಿಲ್ಲ.

ಅವಳ ಗಂಟಿಗೆ ಒಬ್ಬ ಹೊಸ ಕಾವಲಿನವನು ಬಂದ. ಎಲ್ಲರಂತೆ ಬಾಗಿದ, ಅಂಗೈ ನೆಕ್ಕಿದ. ಆಮೇಲೆ ತಲೆಯೆತ್ತಿ ಅವಳ ಮುಸುಕಿನ ಕಡೆ ನೋಡಿ, ಇಷ್ಟೊಂದು ಕೈ ಚಾಚಿಕೊಂಡು ನಿಂತಿದ್ದೀಯಲ್ಲ, ನೋಯುವುದಿಲ್ಲವೇ ಎಂದು ಕೇಳಿದ. ನಮ್ಮನ್ನು ಹಾಗೆ ಯಾರೂ ಕೇಳಿದ್ದಿಲ್ಲ. ನನ್ನ ಗಂಟಿಗೆ ಬಂದಾಗಲೂ ಕೇಳಿದ. ಇಲ್ಲಪ್ಪ ಎಂದೆ. ಅವನು ಹೋದ ಮೇಲೆ ನನ್ನ ಕೈಗಳೆಲ್ಲ ನೋಯತೊಡಗಿದವು. ಅದಕ್ಕೆ ಅವನ ಮೇಲೆ ನನಗೆ ಸ್ವಲ್ಪ ಸಿಟ್ಟೂ ಇತ್ತು.

ಅವಳಿಗೆ ಸಿಟ್ಟು ಬರಲಿಲ್ಲ. ಅವನು ಮತ್ತೆ ಮತ್ತೆ ಅವಳ ಗಂಟಿಗೇ ಬಂದ. ಹಗ್ಗಕ್ಕೆ ಒರಗಿ ಕುಳಿತು ಊರಿನ ಮೂಲೆಮೂಲೆಯ ಸುದ್ದಿ ಹೇಳಿದ. ನಿಂತಲ್ಲೇ ನಿಂತ ನಮಗೆ ಊರಿನ ಆ ಕಡೆ ಏನಿದೆ ಎಂಬುದು ಗೊತ್ತಿರಲಿಲ್ಲ. ಒಂದು ಸಲ ಅವಳನ್ನು ಅಮ್ಮ ಎಂದ. ಅವಳು ಬೇಡ ಎನ್ನಲಿಲ್ಲ. ಮುಖ ತೋರಿಸುವುದನ್ನು ಮಾತ್ರ ಈಗ ಬೇಡ, ಆಮೇಲೆ ಎಂದು ಮುಂದೂಡುತ್ತಲೇ ಬಂದಳು. ಊರಿನ ನಟ್ಟನಡುವಿನ ಗಂಟಿನಲ್ಲಿ ದೊಡ್ಡಮ್ಮ ನಿಂತಿದ್ದಾಳೆ, ನಮ್ಮೆಲ್ಲರಿಗಿಂತ ಹಿರಿಯಳು. ಅವಳು ಹಗ್ಗ ಜಗ್ಗಿ ಕೇಳಿದಳು. ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಬಾಗಿಲ ಗಂಟಿನವಳು ಮುಸುಕು ಸರಿಸಿದಳು. ನಾವು ಬೇರೆ ಕಡೆ ತಿರುಗಿದೆವು. ಆಮೇಲೆ ನಡೆದದ್ದನ್ನು ಬಹಳ ತಡವಾಗಿ ಅವಳೇ ನನಗೆ ಹೇಳಿದಳು. ಕಹಿ ಕಾಯಿಸುವವರ ಮುಖಕ್ಕೆ ಅವನ ಕೈ ಏಳಲಿಲ್ಲ. ಉಪ್ಪು ಸೋಸುವವರ ಮುಖಕ್ಕೆ ಏಳಲಿಲ್ಲ. ಬೆಳಕು ಹಿಡಿಯುವವರ ಮುಖ ಕಂಡು ಚೆನ್ನಾಗಿದೆ ಎಂದ. ಎಲ್ಲ ಮುಗಿದು ಅವಳು ತನ್ನ ಮುಖ ತೋರಿಸಿದಳು. ಕೈ ಎದ್ದಿತು. ನೆಟ್ಟಗೆ ಅವಳ ಕುತ್ತಿಗೆಯ ಕಡೆಗೆ ಬಂತು.

ಆಗ ಅವಳು ಮಾಡಿದ್ದು ಹಗ್ಗದವರು ಮಾತ್ರ ಮಾಡಬಲ್ಲ ತಪ್ಪು. ಅವನು ನಿಂತ ಹಗ್ಗವನ್ನು ಸಡಿಲ ಬಿಟ್ಟಳು. ನಮ್ಮಲ್ಲಿ ಹಗ್ಗ ಸಡಿಲಿಸುವುದು ಶತ್ರು ಬಂದಾಗ, ಊರು ಹಿಗ್ಗಬೇಕಾದಾಗ ಮಾತ್ರ. ಸಡಿಲ ಹಗ್ಗದಲ್ಲಿ ನಡುಕ ಹರಿಯುವುದಿಲ್ಲ. ಅವನ ಕೈ ಎದ್ದ ಸುದ್ದಿ ಅವಳ ಗಂಟನ್ನು ದಾಟಲಿಲ್ಲ. ನಮಗೆಲ್ಲ ಒಂದು ಗಳಿಗೆ ಭುಜ ಹಗುರಾಯಿತು. ಗಾಳಿ ಇರಬೇಕು ಎಂದುಕೊಂಡೆವು. ಅವಳು ಮುಸುಕು ಎಳೆದುಕೊಂಡಳು, ಕೈ ತಾನಾಗಿ ಇಳಿಯಿತು. ಏನಾಯಿತಮ್ಮ ಎಂದು ಅವನು ಕೇಳಿದ. ಏನೂ ಇಲ್ಲ ಎಂದಳು. ದೊಡ್ಡಮ್ಮ ಜಗ್ಗಿ ಕೇಳಿದಾಗಲೂ ಏನೂ ಇಲ್ಲ ಎಂದೇ ಜಗ್ಗಿ ಹೇಳಿದಳು.

ಅವಳ ಲೆಕ್ಕಾಚಾರ ಇಷ್ಟೇ. ಅವನು ಕೊಲ್ಲುವುದು ತನ್ನ ಮುಖವನ್ನು. ತನ್ನ ಮುಖ ಮುಸುಕಿನೊಳಗಿದೆ. ಮುಸುಕನ್ನು ಅವನ ಎದುರು ಇನ್ನೆಂದೂ ತೆಗೆಯದಿದ್ದರೆ ಆಯಿತು, ಅವನೂ ಬದುಕುತ್ತಾನೆ, ತಾನೂ ಬದುಕುತ್ತೇನೆ. ಅವಳ ಜಾಗದಲ್ಲಿ ನಾನಿದ್ದರೆ ಹೀಗೇ ಯೋಚಿಸುತ್ತಿದ್ದೆನೋ ಏನೋ. ತನ್ನ ಮುಖ ತನ್ನೊಬ್ಬಳದೇ ಎಂದು ಯಾರಿಗಾದರೂ ಅನಿಸುತ್ತದೆ.

ಆಮೇಲೆ ಶತ್ರು ಬಂದ. ನಾಡಿಗೆಲ್ಲ ಕಾವೇರಿತು, ಡೋಲು ಜೋರಾಯಿತು, ತೊರೆಯ ನೀರು ಕದಡಿ ಬಂತು. ನೀರಿನ ಜೊತೆ ಚೂರು ತರುವವಳು ಬಂದಳು. ಶತ್ರು ಎಲ್ಲಿ ನುಗ್ಗಿದರೂ ಅಲ್ಲಿಗೆ ಹೋಗಿ ಅವನ ಮುಖದ ಒಂದು ಚೂರನ್ನು ಕಿತ್ತು ತರುವುದು ಅವಳ ಕೆಲಸ. ಅವಳು ಹಗ್ಗದ ಮೇಲೆ ತೆವಳಿಕೊಂಡು ಬಂದು ಒಬ್ಬೊಬ್ಬರ ಭುಜವನ್ನೂ ಮುಟ್ಟಿದಳು. ಅವಳು ಮುಟ್ಟಿದರೆ ನಮ್ಮ ಹಿಡಿತ ತಾನಾಗಿ ಸಡಿಲುತ್ತದೆ, ಕೈಗಳು ಉದ್ದವಾಗುತ್ತವೆ. ಊರು ಹಿಗ್ಗಿತು. ಕೀಲು ಬಿಡುವಷ್ಟು ಕೈ ಚಾಚಿ, ತಲೆ ಬಗ್ಗಿಸಿ ನಿಂತೆವು.

ಚೂರು ತರುವವಳು ಊರಿನ ನಡುವೆ ಕುಳಿತು ಚೂರನ್ನು ಎತ್ತಿ ಹಿಡಿದಳು. ಕಾವಲಿನವರು ಸಾಲಾಗಿ ಅದರ ಮುಂದೆ ಹಾದುಹೋದರು. ಒಬ್ಬರ ಕೈಯೂ ಏಳಲಿಲ್ಲ. ಕಾವು ಏರುತ್ತಲೇ ಇತ್ತು. ಈ ಮುಖ ಇವರಲ್ಲಿ ಯಾರ ಕೈಗೂ ಸೇರಿದ್ದಲ್ಲವೇನೋ, ನಾಡು ಮುಳುಗಿತೇನೋ ಎಂದು ನಾವು ಅಂದುಕೊಳ್ಳುವಷ್ಟರಲ್ಲಿ ಬಾಗಿಲ ಗಂಟಿನವಳ ಹುಡುಗ ಬಂದ. ಚೂರನ್ನು ನೋಡಿದ. ಕೈ ಎದ್ದಿತು.

ಊರಿಗೆ ಊರೇ ಹಿಗ್ಗಿಹೋಯಿತು. ಅವನು ಚೂರಿನ ಬಳಿಯೇ ನಿಂತ, ನಾವು ಕೈ ತುಂಬ ಗಂಜಿ ಕೊಟ್ಟೆವು. ಅವನು ಊದಿಕೊಂಡ, ನಡುವೆ ಸೀಳಿದ, ಒಬ್ಬನಿದ್ದ ಕಡೆ ಇಬ್ಬರಾದರು. ಆ ಇಬ್ಬರೂ ಅವನೇ. ಅದೇ ಹಣೆ, ಅದೇ ದನಿ, ಅದೇ ಬಲಗೈ. ಇಬ್ಬರೂ ಸೀಳಿದರು. ಮತ್ತೆ ಸೀಳಿದರು. ಹಗ್ಗಗಳ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಅವನೇ ತುಂಬಿಕೊಂಡ. ಎಲ್ಲ ಕಡೆಯಿಂದಲೂ ಅದೇ ದನಿ ಕೈ ನೋಯುವುದಿಲ್ಲವೇ ಎಂದು ಕೇಳುತ್ತಿತ್ತು.

ಬಾಗಿಲ ಗಂಟಿನವಳು ನನ್ನ ಕಡೆ ತಿರುಗಿದಳು.

"ಅಕ್ಕಾ, ನಿನ್ನ ಮುಖ ಹೇಗಿದೆ?"

"ನನಗೇನು ಗೊತ್ತು? ನಿನ್ನದು ಹೇಗಿದೆಯೋ ಹಾಗೇ ಇರಬಹುದು."

ಅವಳ ಹಗ್ಗಗಳೆಲ್ಲ ಒಮ್ಮೆಲೇ ನಡುಗಿದವು. ಅವಳಿಗೆ ಅರ್ಥವಾಗಿಹೋಗಿತ್ತು. ಒಬ್ಬ ಕಾವಲಿನವನ ಕೈ ಒಂದೇ ಮುಖಕ್ಕೆ ಏಳುವುದು. ಅದು ಅವಳ ಮುಖಕ್ಕೂ ಎದ್ದಿದೆ, ಶತ್ರುವಿನ ಮುಖಕ್ಕೂ ಎದ್ದಿದೆ. ಶತ್ರು ನಮ್ಮ ಮುಖದಂಥ ಮುಖ ಹೊತ್ತೇ ಬಂದಿದ್ದ. ಅದನ್ನು ಗುರುತಿಸಬೇಕಾದ ನಾವು ನಮ್ಮ ಮುಖವನ್ನೇ ನೋಡಿದವರಲ್ಲ. ಹಗ್ಗದವರು ಈ ಊರಿನಲ್ಲಿ ಮಾತ್ರ ಇರುವವರೂ ಅಲ್ಲ. ನಾಡಿನ ಪ್ರತಿ ಗೋಡೆಯ ಹಿಂದೆ, ಪ್ರತಿ ಮನೆಯ ಅಡಿಯಲ್ಲಿ ನಮ್ಮ ಬಳಗದವರೇ ಹಿಡಿದುಕೊಂಡು ನಿಂತಿದ್ದಾರೆ. ಎಲ್ಲರ ಮುಸುಕಿನೊಳಗೂ ಇರುವುದು ಒಂದೇ ಮುಖ.

ಅವಳು ಆಗ ಮುಚ್ಚಿಡಲಿಲ್ಲ. ಹಗ್ಗ ಸಡಿಲಿಸಿದ್ದು, ಸುಳ್ಳು ಜಗ್ಗಿದ್ದು, ಎಲ್ಲವನ್ನೂ ಎಲ್ಲರ ಎದುರು ದೊಡ್ಡಮ್ಮನಿಗೆ ಹೇಳಿದಳು. ನಮ್ಮಲ್ಲಿ ಕೆಲವರು ಈಗಲೇ ಅಂಗೈ ಮುಚ್ಚೋಣ ಎಂದರು. ದೊಡ್ಡಮ್ಮ ಹೊರಗಿನ ಕಾವನ್ನು ನೋಡಿದಳು, ತುಂಬಿ ತುಳುಕುತ್ತಿದ್ದ ಹುಡುಗರನ್ನು ನೋಡಿದಳು.

"ಈಗ ಮುಚ್ಚಿದರೆ ನಾಡು ಹೋಗುತ್ತೆ," ಎಂದಳು. "ಮುಚ್ಚದೇ ಇದ್ದರೆ ನಾವು ಹೋಗ್ತೀವಿ. ನಾವು ಹೋದ ಮೇಲೆ ನಾಡು ನಿಲ್ಲೋದು ಯಾವುದರ ಮೇಲೆ? ಅವರು ಹೋಗಿ ಬರಲಿ. ಬಂದ ಮೇಲೆ ನೀನು ಮುಚ್ಚಬೇಕು. ಬೇರೆ ಯಾರೂ ಅಲ್ಲ, ನೀನೇ."

ನಾವೆಲ್ಲ ಮುಸುಕನ್ನು ಎರಡೆರಡು ಸುತ್ತು ಬಿಗಿದುಕೊಂಡೆವು. ಹುಡುಗರು ಹೊರಬಾಗಿಲಿನತ್ತ ಹೊರಟರು. ಬಾಗಿಲ ಗಂಟಿನ ಮುಂದೆ ಒಬ್ಬೊಬ್ಬನೂ ನಿಂತ, ಬಾಗಿದ, ಉಂಡ, ಹೋಗಿ ಬರ್ತೀನಮ್ಮ ಎಂದ. ಅವಳು ಒಬ್ಬೊಬ್ಬನಿಗೂ ಹೋಗಿ ಬಾ ಮಗ ಎಂದಳು. ಸಾಲು ಮುಗಿಯುವ ಹೊತ್ತಿಗೆ ಅವಳ ದನಿ ಒಡೆದುಹೋಗಿತ್ತು.

ಅವರು ಗೆದ್ದರು. ನಾಡಿನ ಕಾವು ಇಳಿಯುತ್ತಾ ಬಂತು, ಡೋಲು ನಿಧಾನವಾಯಿತು. ತೊರೆಯಲ್ಲಿ ಶತ್ರುವಿನ ಪುಡಿ ಹರಿದುಬಂತು. ಅದರ ಜೊತೆಗೇ ನಾರಿನ ಮುಸುಕುಗಳೂ ತೇಲಿಬಂದವು. ಕಾದಾಟದಲ್ಲಿ ಎಲ್ಲೆಲ್ಲಿ ನಮ್ಮ ಬಳಗದವರ ಮುಸುಕು ಜಾರಿತ್ತೋ ಅಲ್ಲೆಲ್ಲ ಗಂಟು ಖಾಲಿಯಾಗಿತ್ತು, ಗೋಡೆ ಕುಸಿದಿತ್ತು. ಬಾಗಿಲ ಗಂಟಿನವಳು ಹರಿದುಬಂದ ಮುಸುಕುಗಳನ್ನು ಒಂದೊಂದಾಗಿ ಹಿಡಿದು ಹಿಂಡಿ ಹಗ್ಗದ ಮೇಲೆ ಹರವಿದಳು. ಅಳಲಿಲ್ಲ. ಅವಳು ಅತ್ತಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಹುಡುಗರು ಹಿಂದಿರುಗಿದರು. ದೊಡ್ಡಮ್ಮನ ಮಾತಿನಂತೆ ನಾವು ನಮ್ಮ ಹಗ್ಗಗಳ ಕಂಪನ್ನು ಒರೆಸಿಬಿಟ್ಟಿದ್ದೆವು. ಅವಳ ಹಗ್ಗಕ್ಕೆ ಮಾತ್ರ ಕಂಪಿತ್ತು. ಆದ್ದರಿಂದ ಎಲ್ಲರೂ ಅವಳ ಗಂಟಿಗೇ ಬಂದರು. ಸೋತು, ಸೊರಗಿ, ಹಗ್ಗ ಹಿಡಿದು ಜೋತಾಡುತ್ತಾ ಬಂದರು. ಮೊದಲನೆಯವನು ಅಮ್ಮಾ ಹಸಿವು ಎಂದು ಬಾಗಿದ. ಅವಳು ಅಂಗೈ ಮುಚ್ಚಲು ಹೋದಳು, ಮುಚ್ಚಲಾಗಲಿಲ್ಲ. ಅಮ್ಮ ಎಂಬ ಮಾತಿಗೆ ಅಂಗೈ ತಾನಾಗಿ ಬಿಚ್ಚಿಕೊಂಡು ಗಂಜಿ ಒಸರಿತು. ಅವನು ಇನ್ನೇನು ಬಾಯಿ ಇಡಬೇಕು.

ಅವಳು ಉಣಿಸುವ ಕೈಯಿಂದಲೇ ಮುಸುಕನ್ನು ಕಿತ್ತು ತೊರೆಗೆ ಎಸೆದಳು.

ಅಮ್ಮ ಎನ್ನುವವನಿಗೆ ಅಂಗೈ ಮುಚ್ಚಲು ಅವಳಿಂದ ಆಗುತ್ತಿರಲಿಲ್ಲ. ಕೊಲ್ಲಲು ಬಂದವನಿಗೆ ಮುಚ್ಚಬಹುದು. ಅದಕ್ಕೇ ಹಾಗೆ ಮಾಡಿದಳು. ಕೈ ಎದ್ದಿತು, ಅವಳು ಅಂಗೈ ಮುಚ್ಚಿದಳು. ಹಿಂದಿನವನ ಕೈ ಎದ್ದಿತು, ಅವನ ಹಿಂದಿನವನ ಕೈಯೂ ಎದ್ದಿತು. ಹಗ್ಗದುದ್ದಕ್ಕೂ ಬಲಗೈಗಳು ಎದ್ದು ನಿಂತವು. ಎಷ್ಟೋ ಕೈಗಳು ಅವಳನ್ನು ಮುಟ್ಟಿದವು. ಅವಳ ಕೆಲವು ಕೈಗಳು ಕಿತ್ತುಹೋದವು. ಆ ಹಗ್ಗಗಳನ್ನು ನಾನೂ ಆಚೆ ಗಂಟಿನವಳೂ ಹಿಡಿದುಕೊಂಡೆವು. ಆದರೆ ಹಸಿದ ಕೈಯಲ್ಲಿ ಎಷ್ಟು ಹೊತ್ತು ಬಲವಿರುತ್ತದೆ? ಒಬ್ಬೊಬ್ಬರಾಗಿ ಕುಸಿದರು. ಒಬ್ಬೊಬ್ಬರನ್ನಾಗಿ ತೊರೆ ಒಯ್ಯಿತು. ನೀರಿನ ಮೇಲೆ ಬಹಳ ದೂರದವರೆಗೂ ಎದ್ದ ಕೈಗಳು ಕಾಣುತ್ತಿದ್ದವು.

ಊರು ಕುಗ್ಗತೊಡಗಿತು. ನಮ್ಮ ಕೈಗಳು ಮೊದಲಿನ ಅಳತೆಗೆ ಬಂದವು. ಮುಗಿಯಿತು ಎಂದುಕೊಂಡೆವು. ಆಗ ಹಗ್ಗದ ಮೇಲೆ ಇನ್ನೊಬ್ಬನ ಹೆಜ್ಜೆ ಕೇಳಿಸಿತು. ಅವನು ಕಾಲಿನಿಂದ ತಡಕಿ ತಡಕಿ ನಡೆಯುತ್ತಿದ್ದ. ಕಣ್ಣು ಮುಚ್ಚಿಕೊಂಡಿದ್ದ.

ಅವಳ ಮುಂದೆ ಬಂದು ನಿಂತ. ಕೈ ಏಳಲಿಲ್ಲ.

"ಅಮ್ಮಾ, ನಾನು ಕಣ್ಣು ಮುಚ್ಕೊಂಡೇ ಬಂದಿದೀನಿ," ಎಂದ. "ಅಲ್ಲಿ ಒಬ್ಬಳ ಮುಸುಕು ಜಾರಿತ್ತು. ನನ್ನ ಕೈ ಎದ್ದುಬಿಡ್ತು. ಬಿದ್ದವಳ ಅಂಗೈಯಿಂದ ಗಂಜಿ ವಾಸನೆ ಬಂತಮ್ಮ. ಆವಾಗಿಂದ ಕಣ್ಣು ತೆಗೆದಿಲ್ಲ. ಇನ್ನು ಯಾವತ್ತೂ ತೆಗೆಯೋದಿಲ್ಲ."

ಕೊಡು ಎಂಬ ಮಾತು ನನ್ನ ಬಾಯಿಯವರೆಗೂ ಬಂದಿತ್ತು. ಒಬ್ಬನೇ ಒಬ್ಬ, ಕಣ್ಣನ್ನೇ ಬಿಟ್ಟುಕೊಟ್ಟವನು, ಇವನೊಬ್ಬ ಇದ್ದರೆ ಏನಾಗುತ್ತದೆ ಎನಿಸಿತು. ಅವಳ ಅಂಗೈ ಅರ್ಧ ತೆರೆದಿತ್ತು, ಗಂಜಿಯ ಹನಿ ಅಂಚಿಗೆ ಬಂದು ನಿಂತಿತ್ತು. ಊರೆಲ್ಲ ಉಸಿರು ಹಿಡಿದು ನೋಡುತ್ತಿತ್ತು. ದೊಡ್ಡಮ್ಮ ಹಗ್ಗ ಜಗ್ಗಲಿಲ್ಲ.

"ಮಗಾ," ಎಂದಳು ಅವಳು. "ಇನ್ನೊಂದು ಸಲ ನಾಡಿಗೆ ಕಾವೇರಿದರೆ ನೀನು ಮತ್ತೆ ಇಬ್ಬರಾಗ್ತೀಯ. ಆ ಇನ್ನೊಬ್ಬ ಕಣ್ಣು ಮುಚ್ಕೋತಾನಾ?"

ಅವನು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಗೊತ್ತಿಲ್ಲಮ್ಮ."

"ಹಾಗಾದ್ರೆ ಕಣ್ಣು ತೆಗಿ. ನನ್ನ ಮುಖ ನೋಡು."

ಅವನು ಹಗ್ಗದ ಮೇಲೆ ಕುಳಿತುಕೊಂಡ. ಆಮೇಲೆ ಕಣ್ಣು ತೆರೆದ. ಮೊದಲ ಸಲ ಅವಳ ಮುಖವನ್ನು ನೋಡುವವನಂತೆ ನೋಡಿದ. ಬಲಗೈ ಎದ್ದು ಅವಳ ಕುತ್ತಿಗೆಯ ಕಡೆ ಹೊರಟಿತು. ಅವಳು ಉಣಿಸುವ ಕೈಯನ್ನು ಚಾಚಿ ಆ ಕೈಯನ್ನು ಹಿಡಿದುಕೊಂಡಳು. ಅವಳ ಅಂಗೈ ಅದರ ಮೇಲೆ ಮುಚ್ಚಿಕೊಂಡಿತು. ಅದು ಜಗ್ಗಿತು, ಅವಳು ಬಿಡಲಿಲ್ಲ. ನಾವು ಯಾರೂ ಬೇರೆ ಕಡೆ ತಿರುಗಲಿಲ್ಲ. ಆ ಕೈ ತಣ್ಣಗಾಗಿ, ಭಾರವಾಗಿ, ಮಗುವಿನ ಕೈಯಂತೆ ಸುಮ್ಮನಾಗುವವರೆಗೂ ಅವಳು ಅದನ್ನು ಹಿಡಿದೇ ಇದ್ದಳು.